ಸ್ಕ್ರೈಬ್ ಆಗಬಯಸುವ ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು

ಕಣ್ಣು ಕಾಣದ ಅಭ್ಯರ್ಥಿಗೆ ಪ್ರಶ್ನೆಪತ್ರಿಕೆಯನ್ನು ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಹೇಳಿದಂತೆಯೇ ಬರೆಯುವವರನ್ನು ಸ್ಕ್ರೈಬ್ ಎನ್ನುತ್ತಾರೆ. ಈ ಸೇವೆಗೆ ಹೆಚ್ಚು ಓದಿದವರಿಗಿಂತ ಕಡಿಮೆ ಓದಿದವರೇ ಬೇಕಾಗುತ್ತಾರೆ ಎಂಬುದು ಹಲವರಿಗೆ ತಿಳಿದಿಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ, ಅಭ್ಯರ್ಥಿಯೇ ಸ್ಕ್ರೈಬ್ ಕರೆತರುವುದಾದರೆ ಆತನ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕು ಎಂದಿತ್ತು; 2025ರಲ್ಲಿ ಅದರ ಬದಲು ಹೊಸ ಮಾರ್ಗಸೂಚಿ ಬಂದಿದೆ. ಉತ್ಸಾಹದಿಂದ ಮುಂದೆ ಬರುವ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳು ಎಷ್ಟೋ ಸಲ ಇಲ್ಲಿಯೇ ಅನರ್ಹರಾಗುತ್ತಾರೆ; ಪಿಯುಸಿ ಓದುತ್ತಿರುವವರಿಗೆ ಮಾತ್ರ ಬೇಡಿಕೆ ಹೆಚ್ಚು. ನಿಯಮದ ವಿವರ ಮಂಡಳಿಯಿಂದ ಮಂಡಳಿಗೆ, ನೇಮಕಾತಿ ಪರೀಕ್ಷೆಗಳಲ್ಲಿ ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗಬಹುದಾದ್ದರಿಂದ ಒಪ್ಪಿಕೊಳ್ಳುವ ಮೊದಲು ಅದನ್ನು ಓದಿಕೊಳ್ಳಬೇಕು.

ಸೇರುವ ದಾರಿ ಸರಳವಾಗಿದೆ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಗೋ ಹತ್ತಿರದ ಅಂಧರ ಶಾಲೆಗೋ ಹೆಸರು, ಬರೆಯಬಲ್ಲ ಭಾಷೆಗಳು ಮತ್ತು ಬಿಡುವಿನ ದಿನಗಳನ್ನು ತಿಳಿಸಿದರೆ ಸಾಕು. ಗುರುತಿನ ಚೀಟಿ, ಭಾವಚಿತ್ರ ಮತ್ತು ವಿದ್ಯಾರ್ಹತೆಯ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು.

ಪರೀಕ್ಷೆಗೆ ಮೊದಲು ಅಭ್ಯರ್ಥಿಯೊಡನೆ ಒಂದು ಗಂಟೆಯಾದರೂ ಕುಳಿತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬರೆದು ನೋಡಬೇಕು. ಅವರು ಹೇಳುವ ವೇಗಕ್ಕೂ ನೀವು ಬರೆಯುವ ವೇಗಕ್ಕೂ ಹೊಂದಿಕೆಯಾಗುವುದು ಅಲ್ಲಿಯೇ. ಗಣಿತದಲ್ಲಿ ಆವರಣ ಎಲ್ಲಿ ತೆರೆದು ಎಲ್ಲಿ ಮುಚ್ಚುತ್ತದೆ, ವರ್ಗ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಹೇಳುವ ಬಗೆಯನ್ನು ಇಬ್ಬರೂ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಸರಿಯಾದ ಉತ್ತರವೂ ಹಾಳೆಯ ಮೇಲೆ ತಪ್ಪಾಗಿ ಇಳಿಯುತ್ತದೆ.

ಕೊಠಡಿಯಲ್ಲಿ ಮೊದಲು ಇಡೀ ಪತ್ರಿಕೆಯನ್ನು ಅಂಕಗಳ ಸಮೇತ ಓದಿ ಹೇಳಬೇಕು. ಎರಡು ಪ್ರಶ್ನೆಗಳ ನಡುವಿನ 'ಅಥವಾ' ಎಂಬುದನ್ನು ಬಿಟ್ಟರೆ ಅಭ್ಯರ್ಥಿ ಎರಡಕ್ಕೂ ಉತ್ತರಿಸುತ್ತಾ ಸಮಯ ಕಳೆದುಕೊಂಡಾರು. ಅಪರಿಚಿತ ಪದ ಬಂದಾಗ ಕಾಗುಣಿತವನ್ನು ಅವರನ್ನೇ ಕೇಳಿ, ಬರೆದ ಭಾಗವನ್ನು ಮೆಲುದನಿಯಲ್ಲಿ ಓದಿ ತೋರಿಸಿ. ಉತ್ತರ ತಪ್ಪೆಂದು ನಿಮಗೆ ಗೊತ್ತಿದ್ದರೂ ತಿದ್ದಕೂಡದು, ಸೂಚನೆಯನ್ನೂ ಕೊಡಕೂಡದು. ಕಷ್ಟವಾಗುವುದು ಇದೇ: ಗೊತ್ತಿರುವ ಉತ್ತರ ತುದಿನಾಲಗೆಯಲ್ಲಿದ್ದಾಗ ಸುಮ್ಮನಿರುವುದಕ್ಕೆ ಅಭ್ಯಾಸ ಬೇಕು. ನೀವು ಸೇರಿಸಿದ ಒಂದು ಮಾತಿನಿಂದ ಅವರ ಪರೀಕ್ಷೆಯೇ ರದ್ದಾಗಬಹುದು.

ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಕಾಲಾವಕಾಶ ಅಭ್ಯರ್ಥಿಗೆ ಸಿಗುವುದರಿಂದ ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಯಾಗುತ್ತದೆ. ಬೆಳಗಿನ ತಿಂಡಿಯನ್ನು ತಪ್ಪಿಸದೆ, ಕೈಗೆ ಒಗ್ಗಿದ ನಾಲ್ಕಾರು ಪೆನ್ನುಗಳೊಂದಿಗೆ ಅರ್ಧ ಗಂಟೆ ಮುಂಚೆಯೇ ಕೇಂದ್ರದಲ್ಲಿರಿ. ಅಕ್ಷರ ಮುತ್ತಿನಂತಿರಬೇಕಿಲ್ಲ, ಮೌಲ್ಯಮಾಪಕರು ಓದುವಂತಿದ್ದರೆ ಸಾಕು. ಅಭ್ಯರ್ಥಿಯ ಜೊತೆ ಚಿತ್ರ ತೆಗೆದು ಸ್ಟೇಟಸ್ ಹಾಕುವ ಆಸೆಯಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಬರುವುದು ಮೇಲು.

ಬರಲಾಗದ ಸಂದರ್ಭ ಎದುರಾದರೆ ತಿಳಿದ ಕ್ಷಣವೇ ಅಭ್ಯರ್ಥಿಗೂ ಸಂಯೋಜಕರಿಗೂ ಫೋನ್ ಮಾಡಿ, ಏಕೆಂದರೆ ಬದಲಿ ಸ್ಕ್ರೈಬ್‌ಗೂ ಅನುಮತಿ ಪಡೆಯಬೇಕಾಗುತ್ತದೆ ಮತ್ತು ಅದಕ್ಕೆ ಪರೀಕ್ಷೆಯ ಬೆಳಗಿನ ಹೊತ್ತು ಸಾಲುವುದಿಲ್ಲ.