ಮೆಷಿನ್ ಆಮೇಲೆ, ಮೊದಲು ಡಯಲ್

ಹಳೆಯ ಡೈವಿಂಗ್ ವಾಚು ಕೊಳ್ಳುವವರು ಮೊದಲು ಕೇಳುವುದು, "ಮೆಷಿನ್ ಚೆನ್ನಾಗಿದೆಯಾ?" ಅಂತ. ನಾನು ಅದನ್ನು ಕೊನೆಗೆ ಕೇಳುತ್ತೇನೆ. ನನ್ನ ಬಳಿ ಇರುವುದು ರೋಲೆಕ್ಸ್ ಸಬ್‌ಮರೀನರ್ 5513, 1970ರ ದಶಕದ್ದು. ಅದರೊಳಗಿನ 1520 ಮೆಷಿನ್ ಗಟ್ಟಿ ಆಸಾಮಿ. ನಿಂತುಹೋಗಿದ್ದರೂ ಪಳಗಿದವರು ಬಿಚ್ಚಿ ತೊಳೆದು ಎಣ್ಣೆ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಓಡುತ್ತದೆ. ಡಯಲ್ ಕೆಟ್ಟರೆ ಮಾತ್ರ ಕೆಟ್ಟಂತೆಯೇ.

ನಮ್ಮ ಕಡೆ ಹಳೆ ಎಚ್‌ಎಂಟಿಗಳಿಗೆ ಹೊಸ ಡಯಲ್ ಪ್ರಿಂಟ್ ಹಾಕಿಸಿ ಮಾರುವುದು ಮಾಮೂಲು, ನೋಡುವುದಕ್ಕೂ ಲಕಲಕ ಅನ್ನುತ್ತದೆ. ಸಬ್‌ಮರೀನರ್ ಹುಡುಕುವವರಿಗೆ ಬೇಕಾದ್ದು ಅಸಲಿ ಡಯಲ್, ಅದಕ್ಕೆ ಹಾಗೆ ಮಾಡಿದರೆ ಬೆಲೆ ಪಾತಾಳಕ್ಕೆ.

ಹಾಗಾಗಿ ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಜೊತೆಗೊಂದು ಯುವಿ ಟಾರ್ಚ್. ಆರು ಗಂಟೆಯ ಗುರುತಿನ ಕೆಳಗೆ, ಡಯಲಿನ ಅಂಚಿಗೆ ಅಂಟಿಕೊಂಡಂತೆ 'ಸ್ವಿಸ್ – ಟಿ<25' ಅಂತ ಇರಬೇಕು. ಟಿ ಅಂದರೆ ಟ್ರಿಟಿಯಂ, ಗುರುತು, ಮುಳ್ಳುಗಳು ಕತ್ತಲಲ್ಲಿ ಹೊಳೆಯಲೆಂದು ಬಣ್ಣಕ್ಕೆ ಬೆರೆಸುತ್ತಿದ್ದ ವಿಕಿರಣಶೀಲ ವಸ್ತು. 1960ರ ದಶಕದ ಆರಂಭದಲ್ಲಿ ರೇಡಿಯಂ ಬಿಟ್ಟು ಇದನ್ನು ಬಳಸತೊಡಗಿದರು. ಇದರ ಅರ್ಧಾಯುಷ್ಯ ಸುಮಾರು 12.3 ವರ್ಷ, ಅಂದರೆ ಅಷ್ಟು ವರ್ಷಕ್ಕೊಮ್ಮೆ ಉಳಿದದ್ದರಲ್ಲಿ ಅರ್ಧ ಕರಗುತ್ತದೆ. ಅಂದಮೇಲೆ ಐವತ್ತು ವರ್ಷದ ಡಯಲ್ ಕತ್ತಲಲ್ಲಿ ಥಳಥಳ ಹೊಳೆದರೆ ಯಾರೋ ಹೊಸ ಬಣ್ಣ ತುಂಬಿದ್ದಾರೆ ಅಂತಲೇ ಲೆಕ್ಕ. ಅಸಲಿಯಾದರೆ ಟಾರ್ಚ್ ಹಾಯಿಸಿದಾಗ ಮಂಕಾಗಿ ಬೆಳಗಿ, ಆರಿಸಿದ ಕೂಡಲೇ ನಂದುತ್ತದೆ. ಡಯಲಿನ ಚುಕ್ಕೆಗಳು ಕೆನೆಬಣ್ಣಕ್ಕೆ ತಿರುಗಿ, ಮುಳ್ಳುಗಳು ಮಾತ್ರ ಬೆಳ್ಳಗಿದ್ದರೂ ಅನುಮಾನ ಪಡಬೇಕು: ಮುಳ್ಳು ಆಮೇಲೆ ಬದಲಾಗಿರಬಹುದು. ಒಂದೇ ಕೇಸಿನಲ್ಲಿ ಬಾಳಿದವಕ್ಕೆ ಬಣ್ಣವೂ ಹೆಚ್ಚುಕಡಿಮೆ ಒಟ್ಟಿಗೇ ಮಾಗಿರುತ್ತದೆ.

ನನ್ನದು ಸಿಕ್ಕಿದ್ದು ಲಂಡನ್ನಿನ ಒಡವೆ ಅಂಗಡಿಗಳ ಬೀದಿ ಹ್ಯಾಟನ್ ಗಾರ್ಡನ್‌ನಲ್ಲಿ, ಕೆಲಸದ ಮೇಲೆ ಅಲ್ಲಿದ್ದಾಗ. ಅಂಗಡಿಯವನು ಎರಡು ತೆಗೆದಿಟ್ಟ. ಒಂದು ಕನ್ನಡಿಯಂತೆ ಮಿಂಚುತ್ತಿತ್ತು, ಇನ್ನೊಂದರ ಮೈತುಂಬ ಗೀರು. ಮಿಂಚುತ್ತಿದ್ದುದರ ಲಗ್‌ಗಳನ್ನು, ಅಂದರೆ ಪಟ್ಟಿ ಸಿಕ್ಕಿಸುವ ನಾಲ್ಕು ಚಾಚುಗಳನ್ನು, ಮೇಲಿನಿಂದ ನೋಡಿದೆ. ಪಾಲಿಶ್ ಹೊಡೆದೂ ಹೊಡೆದೂ ಸಣಕಲಾಗಿದ್ದವು, ಅಂಚಿನ ಇಳಿಜಾರು ಮಾಯ. ಗೀರಿನದರಲ್ಲಿ ನಾಲ್ಕೂ ದಪ್ಪಗೆ, ಒಂದೇ ಅಳತೆ. ಬೆಜೆಲ್‌ನ, ಅಂದರೆ ಗಾಜಿನ ಸುತ್ತ ತಿರುಗುವ ಬಳೆಯ, ಕಪ್ಪು ಅಲ್ಯೂಮಿನಿಯಂ ಬಿಲ್ಲೆ ಬಿಸಿಲಿಗೆ ಬೂದು ಬಣ್ಣಕ್ಕಿಳಿದಿತ್ತು. ಪಟ್ಟಿ ಬಿಚ್ಚಿಸಿ, ಹನ್ನೆರಡರ ಕಡೆ ಲಗ್‌ಗಳ ನಡುವೆ ಮಾದರಿ ಸಂಖ್ಯೆ, ಆರರ ಕಡೆ ಸೀರಿಯಲ್ ಸಂಖ್ಯೆ ಓದಿಕೊಂಡೆ. ಗೀರಿನದನ್ನೇ ತಂದೆ. ಎಷ್ಟಕ್ಕೆ ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಬೆಂಗಳೂರಿಗೆ ಬಂದಮೇಲೆ ಸರ್ವೀಸಿಗೆ ಕೊಟ್ಟೆ. ರಿಪೇರಿಯವರು ಕೈಯಲ್ಲಿ ತಿರುಗಿಸಿ ನೋಡಿ, "ಸಾರ್, ಒಂಚೂರು ಬಫ್ ಹೊಡೆದುಕೊಡ್ಲಾ? ಹೊಸದರ ಥರ ಆಗುತ್ತೆ" ಅಂದರು. "ಬೇಡ ಸ್ವಾಮಿ, ಆ ಗೀರಿಗೇ ದುಡ್ಡು ಕೊಟ್ಟಿರೋದು" ಅಂದೆ. ನಕ್ಕರು, ನಂಬಿದ ಹಾಗೆ ಕಾಣಲಿಲ್ಲ. ರಸೀದಿಯ ಮೇಲೆ ಬರೆಸಿಕೊಂಡೆ: ಪಾಲಿಶ್ ಬೇಡ, ಡಯಲ್ ಮುಳ್ಳು ಮುಟ್ಟಬೇಡಿ, ಬಿಚ್ಚಿದ ಹಳೇ ಪಾರ್ಟು ವಾಪಸ್ ಕೊಡಿ. ಅವರು ಮೆಷಿನ್ ತೊಳೆದು, ನೀರು ಒಳಹೋಗದಂತೆ ತಡೆಯುವ ಗ್ಯಾಸ್ಕೆಟ್ ಬದಲಿಸಿದರು.

ಡಯಲಿನ ಮೇಲೆ 660 ಅಡಿ, 200 ಮೀಟರ್ ಅಂತೇನೋ ಇದೆ. ಆದರೆ ಇಷ್ಟು ಹಳೆಯ ಕೇಸಿನ ಮೇಲೆ ನನಗೆ ಆ ಭರವಸೆ ಇಲ್ಲ. ಹನಿ ನೀರು ಒಳಹೋಗಿ ಆವಿಯಾದರೂ ಸಾಕು, ಡಯಲಿನ ಬಣ್ಣ ಗುಳ್ಳೆ ಏಳುತ್ತದೆ. ಈಜಲು ಹೋಗುವ ದಿನ ಸಾಧಾರಣ ಕ್ಯಾಸಿಯೋ ಕಟ್ಟಿಕೊಳ್ಳುತ್ತೇನೆ.