ಅರ್ಧ ದಿನದ ಲೆಕ್ಕ: ಜರ್ಮನಿಯಲ್ಲಿ ಓದುತ್ತಾ ದುಡಿದ ನನ್ನ ಅನುಭವ

ನಾಲ್ಕು ಗಂಟೆ ದುಡಿದರೆ ಅರ್ಧ ದಿನ. ಅದನ್ನು ದಾಟಿದರೆ ಪೂರ್ತಿ ದಿನ. ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಯ ಕೆಲಸದ ಅನುಮತಿ ಹೀಗೆ ಲೆಕ್ಕವಾಗುತ್ತದೆ ಎಂದು ಮೊದಲೇ ಗೊತ್ತಿದ್ದಿದ್ದರೆ ಆ ವರ್ಷ ನಾನು ಅಷ್ಟು ಪರದಾಡುತ್ತಿರಲಿಲ್ಲ.

2022ರ ಅಕ್ಟೋಬರಿನಲ್ಲಿ ಸ್ನಾತಕೋತ್ತರ ಪದವಿಗೆಂದು ಆಖೆನ್ ನಗರಕ್ಕೆ ಬಂದೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟ 10,332 ಯೂರೊದಿಂದ ತಿಂಗಳಿಗೆ 861 ಯೂರೊ ಕೈಗೆ ಬರುತ್ತಿತ್ತು. ಬಾಡಿಗೆ, ಆರೋಗ್ಯ ವಿಮೆ ಕಳೆದು ಉಳಿದದ್ದು ಊಟಕ್ಕೆ ಸಾಕಾಗುತ್ತಿತ್ತು. ಆದರೆ ಆ ಠೇವಣಿಗಾಗಿ ಅಪ್ಪ ಸಾಲ ಮಾಡಿದ್ದರು, ಬಡ್ಡಿ ಕಟ್ಟಬೇಕಿತ್ತು. ಜನವರಿಯಲ್ಲಿ ಒಂದು ಬೇಕರಿಗೆ ಸೇರಿದೆ. ವಾರಕ್ಕೆ ಮೂರು ಪಾಳಿ, ಬೆಳಗಿನ ಐದರಿಂದ ಹತ್ತು. ಗಂಟೆಗೆ ಆಗಿನ ಕನಿಷ್ಠ ವೇತನ, 12 ಯೂರೊ.

ಆ ಕೆಲಸದ ಬಗ್ಗೆ ನನಗೆ ಇಂದಿಗೂ ಪ್ರೀತಿಯಿದೆ. ತರಗತಿಯಲ್ಲಿ ಬಾರದ ಜರ್ಮನ್ ಭಾಷೆ ಅಲ್ಲಿ ಬಂತು. ಆ ಭಾಷೆಯಲ್ಲಿ ಇಪ್ಪತ್ತೈದನ್ನು ‘ಐದು ಮತ್ತು ಇಪ್ಪತ್ತು’ ಎಂದು ಹೇಳುತ್ತಾರೆ. ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಚಿಲ್ಲರೆ ಎಣಿಸುತ್ತಾ ಆ ಅಂಕಿಗಳನ್ನು ಹೇಳಿ ಹೇಳಿ ನಾಲಿಗೆ ಪಳಗಿತು. ಆದರೆ ಹತ್ತೂವರೆಯ ಉಪನ್ಯಾಸಗಳಲ್ಲಿ ಕಣ್ಣು ತೆರೆದಿಡಲು ಆಗುತ್ತಿರಲಿಲ್ಲ. ಫೆಬ್ರುವರಿಯಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣಳಾದೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ, ಮೂರನೆಯದೂ ಹೋದರೆ ಆ ಪದವಿಯೇ ಹೋದಂತೆ. ಹಾಗಾಗಿ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಮೇ ತಿಂಗಳಲ್ಲಿ, ಬೇಸಿಗೆ ರಜೆಯಲ್ಲಿ ಪೂರ್ಣಾವಧಿ ದುಡಿಯಬೇಕೆಂದು ಯೋಚಿಸುತ್ತಿದ್ದಾಗ, ಹಿರಿಯ ವಿದ್ಯಾರ್ಥಿನಿಯೊಬ್ಬರು ಕೇಳಿದರು: “ನಿನ್ನ ದಿನಗಳು ಎಷ್ಟು ಉಳಿದಿವೆ?” ವಾಸದ ಪರವಾನಗಿಯ ಜೊತೆ ಕೊಡುವ ಹಾಳೆಯಲ್ಲಿ ಅದು ಬರೆದಿತ್ತು: ಕ್ಯಾಲೆಂಡರ್ ವರ್ಷಕ್ಕೆ 120 ಪೂರ್ಣ ದಿನ ಅಥವಾ 240 ಅರ್ಧ ದಿನ. ನನ್ನದು ಐದು ಗಂಟೆಯ ಪಾಳಿ, ಅಂದರೆ ಪ್ರತಿ ಸಲವೂ ಪೂರ್ಣ ದಿನ. ಇಪ್ಪತ್ತು ವಾರಕ್ಕೆ 60 ದಿನ ಆಗಲೇ ಮುಗಿದಿದ್ದವು. ಒಂದೇ ಒಂದು ಗಂಟೆ ಕಡಿಮೆ ದುಡಿದಿದ್ದರೆ 30 ಮಾತ್ರ ಖರ್ಚಾಗುತ್ತಿತ್ತು.

ಪಾಳಿಯನ್ನು ನಾಲ್ಕು ಗಂಟೆಗೆ ಇಳಿಸಿ ಎಂದು ಕೇಳಿದಾಗ ಮೇಲ್ವಿಚಾರಕರು ಒಪ್ಪಲಿಲ್ಲ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಆ ಕೊನೆಯ ಗಂಟೆಯನ್ನು ತಾವು ವಹಿಸಿಕೊಂಡರು. ಮುಂದಿನ ಎಂಟು ವಾರಕ್ಕೆ 12 ದಿನವಷ್ಟೇ ಖರ್ಚಾಯಿತು. ರಜೆಯಲ್ಲಿ ಒಂದು ಗೋದಾಮಿನಲ್ಲಿ ಎಂಟು ವಾರ, 40 ದಿನ, ಪಾರ್ಸೆಲ್ ವಿಂಗಡಿಸಿದೆ. ಅಕ್ಟೋಬರ್ ಹೊತ್ತಿಗೆ ಕೈಯಲ್ಲಿ ಎಂಟು ದಿನ ಉಳಿದಿದ್ದವು.

ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಸಹಾಯಕರ ಕೆಲಸ, ಅಲ್ಲಿ ಎಲ್ಲರೂ ‘ಹಿವಿ’ ಎನ್ನುವುದು, ಈ ದಿನಗಳ ಲೆಕ್ಕಕ್ಕೇ ಸೇರುವುದಿಲ್ಲ. ಇದು ಗೊತ್ತಾದ ವಾರವೇ ಪ್ರಯೋಗಾಲಯದ ತರಗತಿ ನಡೆಸುತ್ತಿದ್ದ ಸಂಶೋಧಕರ ಬಾಗಿಲು ತಟ್ಟಿದೆ. ಮಾಪನದ ದತ್ತಾಂಶ ಜೋಡಿಸುವ ಕೆಲಸ ಸಿಕ್ಕಿತು, ತಿಂಗಳಿಗೆ 40 ಗಂಟೆ. ಓದಿಗೆ ಹತ್ತಿರದ ಕೆಲಸ, ಪರೀಕ್ಷೆಯ ವಾರಗಳಲ್ಲಿ ಗಂಟೆಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು. ಬಿಟ್ಟುಹೋಗಿದ್ದ ವಿಷಯವನ್ನೂ ಆ ಚಳಿಗಾಲದಲ್ಲೇ ಮುಗಿಸಿದೆ. ಮೊದಲ ಸೆಮಿಸ್ಟರಿನಲ್ಲೇ ಹೋಗಿ ಕೇಳಬೇಕಿತ್ತು. ಭಾಷೆ ಸಾಲದು ಎಂಬ ಅಳುಕಿನಲ್ಲಿ ಒಂದು ವರ್ಷ ಕಳೆದೆ, ಆದರೆ ಅಲ್ಲಿ ಕೆಲಸವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

2024ರ ಮಾರ್ಚ್ 1ರಿಂದ ಮಿತಿ 140 ಪೂರ್ಣ ಅಥವಾ 280 ಅರ್ಧ ದಿನಗಳಿಗೆ ಏರಿತು. ಅದಕ್ಕಿಂತ ಮುಖ್ಯವಾದದ್ದು ವಾರದ ಲೆಕ್ಕ. ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರದಿದ್ದರೆ ಆ ವಾರಕ್ಕೆ ಎರಡೂವರೆ ದಿನವೆಂದು ಎಣಿಸಬಹುದು. ರಜೆಯಲ್ಲಿ ಎಷ್ಟೇ ಗಂಟೆ ದುಡಿದರೂ ವಾರಕ್ಕೆ ಎರಡೂವರೆಯೇ. ವರ್ಷದ 52 ವಾರವೂ ದುಡಿದರೆ 130 ದಿನ, ಮಿತಿಯೊಳಗೇ ಇರುತ್ತದೆ. ಆ ಬೇಸಿಗೆಯಲ್ಲಿ ಒಂದು ಸಣ್ಣ ಕಂಪನಿಗೆ ‘ವೆರ್ಕ್‌ಷ್ಟುಡೆಂಟ್’, ಅಂದರೆ ಓದುತ್ತಲೇ ದುಡಿಯುವ ವಿದ್ಯಾರ್ಥಿ ನೌಕರಳಾಗಿ ಸೇರಿದೆ. ಸಂದರ್ಶನ ಜರ್ಮನ್ ಭಾಷೆಯಲ್ಲಿ ನಡೆಯಿತು. ಬೇಕರಿಯ ಮುಂಜಾವುಗಳು ಅಲ್ಲಿ ಫಲ ಕೊಟ್ಟವು.

ಸ್ವತಂತ್ರ ಗುತ್ತಿಗೆಯ ಕೆಲಸಕ್ಕೆ ಮಾತ್ರ ಕೈಹಾಕಬೇಡಿ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಸ್ನೇಹಿತನೊಬ್ಬ ಹಾಗೆ ವೆಬ್‌ಸೈಟ್ ಮಾಡಿಕೊಟ್ಟು, ಪರವಾನಗಿ ನವೀಕರಣದ ಸಮಯದಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟ.

ಗೋದಾಮಿನ ಎರಡು ತಿಂಗಳ ಸಂಬಳದಲ್ಲಿ ಆದಾಯ ತೆರಿಗೆ ಮುರಿದುಕೊಂಡಿದ್ದರು. ಆದರೆ 2023ರಲ್ಲಿ 10,908 ಯೂರೊವರೆಗಿನ ಆದಾಯಕ್ಕೆ ತೆರಿಗೆಯಿರಲಿಲ್ಲ, ನನ್ನ ಇಡೀ ವರ್ಷದ ದುಡಿಮೆ ಅದರೊಳಗೇ ಇತ್ತು. ವರ್ಷದ ಕೊನೆಯ ವೇತನ ಪ್ರಮಾಣಪತ್ರಗಳನ್ನು ಮುಂದಿಟ್ಟುಕೊಂಡು ಸರ್ಕಾರದ ‘ಎಲ್‌ಸ್ಟರ್’ ಜಾಲತಾಣದಲ್ಲಿ ಒಂದು ಭಾನುವಾರ ವಿವರ ತುಂಬಿದೆ. ಮುರಿದುಕೊಂಡ ತೆರಿಗೆಯೆಲ್ಲ ಖಾತೆಗೆ ಮರಳಿತು. ಅದನ್ನು ಅಂದೇ ಅಪ್ಪನಿಗೆ ಕಳುಹಿಸಿದೆ.