ತಳಿಗೆ ಮೂರೇ ಲಾಟು ತೆಗೆಯುವ ಕ್ವೆರಿ

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಅಂಗಡಿಯ ಕಾಕಾ ಒಮ್ಮೆ ಕೇಳಿದರು: "ತಂಗೀ, ಡಬ್ಬಿ, ಕಡ್ಡಿ, ಗುಂಟೂರು, ಒಂದೊಂದರದು ಕಡೀಕ ಮಾರಿದ ಮೂರು ಲಾಟಿನ ರೇಟ್ ಅಷ್ಟ ತೋರ್ಸು. ರೈತರು ಬಂದು ಕೇಳತಾರ."

ಡಬ್ಬಿ, ಕಡ್ಡಿ, ಗುಂಟೂರು ಮೆಣಸಿನಕಾಯಿಯ ತಳಿಗಳು; ಒಟ್ಟಿಗೆ ಮಾರುವ ಒಂದು ರಾಶಿ ಎಂದರೆ ಒಂದು ಲಾಟು. ಮೂರು ಮೂರಲೆ ಒಂಬತ್ತು ಎಂದು ಎಸ್‌ಕ್ಯೂಎಲ್ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ದಿನಾಂಕದ ಇಳಿಕೆ ಕ್ರಮದಲ್ಲಿ ಜೋಡಿಸಿ ಲಿಮಿಟ್ 9 ಹಾಕಿದೆ. ಒಂಬತ್ತೂ ಕಡ್ಡಿಯವೇ ಬಂದವು. ಲಿಮಿಟ್‌ಗೆ ತಳಿ ಗೊತ್ತಿಲ್ಲ, ಇಡೀ ಪಟ್ಟಿಯ ಮೇಲಿನಿಂದ ಎಣಿಸುತ್ತದೆ. ಗ್ರೂಪ್ ಬೈ ಹಾಕಿದರೆ ತಳಿಗೆ ಒಂದೇ ಸಾಲು ಉಳಿಯುತ್ತದೆ.

ಬೇಕಾದದ್ದು ತಳಿವಾರು ಕ್ರಮಸಂಖ್ಯೆ. ಒಳಗಿನ ಕ್ವೆರಿಯಲ್ಲಿ ಹೀಗೆ ಬರೆಯಿರಿ (ಡೆಸ್ಕ್ ಎಂದರೆ ಇಳಿಕೆ ಕ್ರಮ):

ರೋ_ನಂಬರ್() ಓವರ್ (ಪಾರ್ಟಿಷನ್ ಬೈ ತಳಿ ಆರ್ಡರ್ ಬೈ ದಿನಾಂಕ ಡೆಸ್ಕ್, ಲಾಟ್_ಸಂಖ್ಯೆ ಡೆಸ್ಕ್) ಆ್ಯಸ್ ಕ್ರಮ

ಹೊರಗಿನ ಕ್ವೆರಿಯಲ್ಲಿ: ವೇರ್ ಕ್ರಮ <= 3

ಎರಡನ್ನೂ ಒಂದೇ ಕ್ವೆರಿಯಲ್ಲಿ ಸೇರಿಸಲು ಆಗದು. ವೇರ್ ಸೋಸಿ ಮುಗಿಸಿದ ಮೇಲೆಯೇ ಈ ಎಣಿಕೆ ಶುರು. ಅದಕ್ಕೇ ರದ್ದಾದ ಲಾಟುಗಳನ್ನು ತೆಗೆಯುವ ಷರತ್ತು ಒಳಗೇ ಇರಬೇಕು. ಹೊರಗಿಟ್ಟರೆ ಮೂರರ ಜಾಗದಲ್ಲಿ ಎರಡೇ ಉಳಿದೀತು. ಲಾಟ್ ಸಂಖ್ಯೆಯನ್ನು ಬಿಡಬೇಡಿ. ಒಂದೇ ದಿನ ಎಷ್ಟೋ ಲಾಟು ಮಾರುತ್ತವೆ, ಬರೀ ದಿನಾಂಕ ಕೊಟ್ಟರೆ ಯಾವ ಮೂರು ಬರುತ್ತವೆ ಎಂಬ ಖಾತ್ರಿ ಇಲ್ಲ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಈ ರೋ_ನಂಬರ್ 8.0 ಆವೃತ್ತಿಯಿಂದ, ಪೋಸ್ಟ್‌ಗ್ರೆಸ್‌ನಲ್ಲಿ 8.4ರಿಂದ, ಎಸ್‌ಕ್ಯೂಲೈಟ್‌ನಲ್ಲಿ 3.25ರಿಂದ ಇದೆ. ತಳಿ, ದಿನಾಂಕ, ಲಾಟ್ ಸಂಖ್ಯೆ ಈ ಕ್ರಮದಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಮಾಡಿ. ತಳಿ ಮೂರ್ನಾಲ್ಕೇ ಇದ್ದು ಸಾಲು ಲಕ್ಷಗಟ್ಟಲೆ ಇದ್ದರೆ ಪೋಸ್ಟ್‌ಗ್ರೆಸ್‌ನ ಲ್ಯಾಟರಲ್ ಜಾಯಿನ್ ಪ್ರಯತ್ನಿಸಿ: ಪ್ರತಿ ತಳಿಗೂ ಪ್ರತ್ಯೇಕ ಲಿಮಿಟ್ 3 ಓಡುತ್ತದೆ, ಇಂಡೆಕ್ಸ್ ಇದ್ದರೆ ಉಳಿದ ಸಾಲುಗಳನ್ನು ಮುಟ್ಟುವುದೇ ಇಲ್ಲ.

ಆಮೇಲೆ ಕಾಕಾ ದಿನದ ಹೆಚ್ಚಿನ ಮೂರು ರೇಟೂ ಬೇಕೆಂದರು. ಆರ್ಡರ್ ಬೈ ರೇಟ್ ಡೆಸ್ಕ್ ಎಂದು ಬದಲಿಸಿದರೆ ಆಯಿತು ಅನ್ನಿಸುತ್ತದೆ, ಆಗಿಲ್ಲ. ಡಬ್ಬಿ ಲಾಟುಗಳು ಕ್ವಿಂಟಲ್‌ಗೆ 42,000, 41,000, 40,000, 40,000ಕ್ಕೆ ಹೋದವು ಎನ್ನಿ. ರೋ_ನಂಬರ್ ಇವಕ್ಕೆ 1, 2, 3, 4 ಕೊಡುತ್ತದೆ. ನಾಲ್ಕನೆಯದು ಬಿತ್ತು. ಅದೇ ರೇಟ್ ಪಡೆದ ಒಬ್ಬ ರೈತನ ಲಾಟು ಪರದೆಯಲ್ಲಿದೆ, ಇನ್ನೊಬ್ಬನದು ಇಲ್ಲ. ನನಗೆ ಇದು ಸರಿ ಕಾಣಲಿಲ್ಲ. ರ‍್ಯಾಂಕ್() ಆದರೆ 1, 2, 3, 3 ಕೊಡುತ್ತದೆ, ಇಬ್ಬರೂ ಉಳಿಯುತ್ತಾರೆ, ಆದರೆ ಸಾಲು ನಾಲ್ಕಾಗುತ್ತದೆ. ಮೂರು ಬೇರೆ ಬೇರೆ ರೇಟುಗಳೇ ಬೇಕೆಂದರೆ ಡೆನ್ಸ್_ರ‍್ಯಾಂಕ್(), ಅದು ಸಮ ರೇಟುಗಳ ನಂತರವೂ ಸಂಖ್ಯೆ ಹಾರಿಸದೆ ಎಣಿಸುತ್ತದೆ.

ಇದನ್ನು ನಾವೇ ಊಹಿಸಬಾರದು, ಕೇಳಬೇಕು. ಕೇಳಿದೆ.

"ಇಬ್ಬರ್ದೂ ಹಾಕವಾ," ಅಂದರು ಕಾಕಾ. ರ‍್ಯಾಂಕ್ ಹಾಕಿದೆ.